ತೊಳೆದು ಹಾಕುವ ಫಿಲ್ಟರ್

ನನ್ನ ಮೊಮ್ಮಗಳು ಬ್ರೇಕ್‌ಡೌನ್ ಗಾಡಿ ಓಡಿಸುತ್ತಾಳೆ. ಯಾರ ಹತ್ತಿರ ಇದನ್ನು ಹೇಳುವಾಗಲೂ ನನಗೆ ಮುಖದ ತುಂಬಾ ನಗು ಬಂದುಬಿಡುತ್ತೆ, ತಡೆಯೋಕೆ ಆಗೋದಿಲ್ಲ. ಕೆಟ್ಟು ನಿಂತ ಕಾರು, ಲಾರಿಗಳನ್ನು ಎಳೆದು ತರುವ ಗಾಡಿಗೆ ನೈರೋಬಿಯಲ್ಲಿ ಬ್ರೇಕ್‌ಡೌನ್ ಅಂತಾರೆ. ಕೆಟ್ಟಿರೋದು ಒಂದು, ಹೆಸರು ಇನ್ನೊಂದಕ್ಕೆ! ಊರಲ್ಲಿರೋ ನನ್ನ ತಂಗಿಗೆ ಫೋನಿನಲ್ಲಿ ಹೇಳಿದಾಗ, "ಅಯ್ಯೋ ಅಕ್ಕ, ಇಂಜಿನಿಯರಿಂಗ್ ಓದಿದ ಹುಡುಗಿ ಲಾರಿ ಎಳೀತಾಳಾ?" ಅಂದಳು. "ಎಳೀತಾಳೆ ಕಣೇ. ನಿನ್ನ ಅಳಿಯ ಕಾರು ಸಮೇತ ಚರಂಡಿಗೆ ಬಿದ್ರೆ ಅವನನ್ನೂ ಎತ್ತುತ್ತಾಳೆ" ಅಂದೆ. ಅವಳು ಫೋನ್ ಇಟ್ಟುಬಿಟ್ಟಳು.

ಇಷ್ಟು ಸಂತೋಷದ ನಡುವೆ ಒಂದು ಕೊರಗೂ ಇದೆ. ಅದನ್ನೇ ಬರೆಯೋಣ ಅಂತ ಕೂತಿದ್ದೀನಿ. ನಾಲ್ಕನೇ ಕ್ಲಾಸಿನ ಬರವಣಿಗೆ, ಹೆಚ್ಚುಕಮ್ಮಿ ಇದ್ದರೆ ಹೊಂದಿಸಿಕೊಳ್ಳಿ.

ನನ್ನ ಮಗ ಇಲ್ಲಿಗೆ ಬಂದಿದ್ದು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಫ್ಯಾಕ್ಟರಿಗೆ, ಮೆಷಿನ್ ನೋಡಿಕೊಳ್ಳೋ ಕೆಲಸಕ್ಕೆ. ಫ್ಯಾಕ್ಟರಿಯ ಲಾರಿಗಳು ದಿನ ಬೆಳಗಾದರೆ ಜಾಮ್‌ನಲ್ಲಿ ಕೆಟ್ಟು ನಿಲ್ಲೋದನ್ನು ನೋಡಿ ನೋಡಿ, ಆಮೇಲೆ ಕೆಲಸ ಬಿಟ್ಟು ತಾನೇ ಎರಡು ಬ್ರೇಕ್‌ಡೌನ್ ಗಾಡಿ ಇಟ್ಟ. ನಮ್ಮ ಯಜಮಾನರು ಹೋದ ಮೇಲೆ ನನ್ನನ್ನೂ ಕರೆಸಿಕೊಂಡ. ಮನೆ ಪಂಗಾನಿಯಲ್ಲಿ, ಮೂರನೇ ಮಹಡಿ.

ಮೊಮ್ಮಗಳು ಇಲ್ಲೇ ಹುಟ್ಟಿ ಬೆಳೆದವಳು. ನಾನು ಮಾತಾಡಿದ್ದೆಲ್ಲ ಅವಳಿಗೆ ಅರ್ಥ ಆಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷಿನಲ್ಲಿ ಗೊತ್ತಿರೋದು ಎಸ್ಸು, ನೋ, ಥ್ಯಾಂಕ್ಯೂ. ಹಾಗಾಗಿ ನಾನು ಬಂದ ಮೇಲೆ ಬಹಳ ಕಾಲ ನಮ್ಮಿಬ್ಬರ ಮಾತು "ಊಟ ಆಯ್ತಾ ಪುಟ್ಟಿ", "ಎಸ್ ಅಜ್ಜಿ", ಅಷ್ಟಕ್ಕೇ ಮುಗಿದುಹೋಗುತ್ತಿತ್ತು. ತಲೆ ಸವರೋಣ ಅಂದರೆ ಅವಳು ನನಗಿಂತ ಎತ್ತರ.

ಗಾಡಿಗಳನ್ನು ನಿಲ್ಲಿಸಿ ರಿಪೇರಿ ಮಾಡೋ ಅಪ್ಪನ ಯಾರ್ಡಿಗೆ ಅವಳು ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಊಟದ ಮುಂದೆ ಅಪ್ಪ ಮಗಳಿಗೆ ಜಟಾಪಟಿ. ವಿಷಯ ಏರ್ ಫಿಲ್ಟರ್. ಇಂಜಿನ್ ಉಸಿರಾಡೋ ಗಾಳಿಯಿಂದ ಧೂಳು ಸೋಸೋದು ಅದು. ಇಲ್ಲಿ ಧೂಳಿಗೆ ವುಂಬಿ ಅಂತಾರೆ, ಕೆಂಪು ಧೂಳು. ಬ್ರೇಕ್‌ಡೌನ್ ಗಾಡಿ ಇಂಜಿನ್ ಆಫ್ ಮಾಡದೆ ರಸ್ತೆ ಬದಿಯಲ್ಲೇ ನಿಂತು, ಸರಪಳಿ ಸುತ್ತಿ, ಇನ್ನೊಂದು ಗಾಡಿಯನ್ನು ಮೇಲೆತ್ತಬೇಕು. ಪಕ್ಕದಲ್ಲಿ ಹೋಗುವ ಲಾರಿ, ಜನ ತುಂಬಿದ ಮಟಾಟು ವ್ಯಾನು ಎಬ್ಬಿಸಿದ ವುಂಬಿಯನ್ನೆಲ್ಲ ಅದೇ ಕುಡಿಯುತ್ತೆ. ಕಾಗದದ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತೆ, ಬಿಸಾಕಿ ಹೊಸದು ಹಾಕಬೇಕು. ಅದರ ಬದಲು ಹೊರಗಡೆ ಸಿಗುವ ಹತ್ತಿ ಬಟ್ಟೆಯದನ್ನು ಹಾಕೋಣ, ತೊಳೆದು, ಒಣಗಿಸಿ, ಎಣ್ಣೆ ಸವರಿ ಮತ್ತೆ ಹಾಕಬಹುದು ಅಂತ ಅವಳ ವಾದ.

"ಗಾಡಿ ಮಾಡಿದೋರು ಕಾಗದದ್ದು ಹಾಕಿ ಅಂದಿದ್ದಾರೆ. ಅವರಿಗಿಂತ ನೀನು ಬುದ್ಧಿವಂತೆನಾ?" ಅಂದ ಮಗ.

ನಾನು ಮಧ್ಯೆ ಬಾಯಿ ಹಾಕಿದೆ. "ತೊಳೆದು ಹಾಕಬಹುದು ಅಂದ್ರೆ ಬಿಸಾಕೋದು ಯಾಕಪ್ಪ?" ಹಾಲಿನ ಕವರನ್ನೂ ತೊಳೆದು ಒಣಗಹಾಕೋ ಹೆಂಗಸು ನಾನು, ಇನ್ನೇನು ಹೇಳಲಿ?

"ಇವಳು ಶುರು ಮಾಡಿದ್ಳು, ನೀನು ಸೇರಿಕೊಂಡೆ" ಅಂತ ಗೊಣಗಿದ. ಆಯುಧಪೂಜೆವರೆಗೆ ಒಂದೇ ಗಾಡಿಗೆ ಹಾಕಿ ನೋಡೋದು, ಆಮೇಲೆ ಇರಬೇಕೋ ಬೇಡವೋ ತೀರ್ಮಾನ ಅಂತ ಒಪ್ಪಿದ.

ಆ ಗಾಡಿಗೆ ಭಾನುವಾರ ರಜೆ. ಮೊದಲನೇ ಭಾನುವಾರ ಫಿಲ್ಟರನ್ನು ಮನೆಗೆ ತಂದು ಹಿಂದಿನ ಬಾಲ್ಕನಿಯಲ್ಲಿ ಬಕೆಟ್ ಇಟ್ಟುಕೊಂಡು ಕೂತಳು. ನಾನು ಸೆರಗು ಸಿಕ್ಕಿಸಿ ಬ್ರಷ್ ತಗೊಂಡು ಹೋದೆ.

"ಅಜ್ಜೀ! ಬ್ರಷ್ ಬೇಡ, ಬೇಡ!" ಕನ್ನಡದಲ್ಲಿ ಕೂಗಿದಳು. ಇಂಗ್ಲಿಷಿನಲ್ಲಿ ಹೇಳಿದ್ದರೆ ನಾನು ಉಜ್ಜಿಯೇ ಬಿಡುತ್ತಿದ್ದೆ, ಅದು ಅವಳಿಗೆ ಗೊತ್ತು. "ನೀರು ಒಳಗಡೆ ಹಾಕು. ಧೂಳು ಬಂತು ಅಲ್ವಾ, ಅದೇ ದಾರಿ ವಾಪಸ್ ಹೋಗಬೇಕು. ಆಮೇಲೆ ನೆರಳು. ಬಿಸಿಲು ಇಲ್ಲ. ಆಮೇಲೆ ಎಣ್ಣೆ, ಒಂದು... ಇದು ಏನು, ಸೀರೆಗೆ ಮಾಡ್ತೀಯಲ್ಲ, ಹೀಗೆ ಹೀಗೆ?"

"ನೆರಿಗೆ."

"ಹಾಂ, ನೆರಿಗೆ. ಒಂದು ನೆರಿಗೆ, ಒಂದು ಗೆರೆ ಎಣ್ಣೆ. ಜಾಸ್ತಿ ಹಾಕಿದ್ರೆ ಗಾಡಿಗೆ ಕಷ್ಟ."

ಎಣ್ಣೆ ಹಾಕಿದಾಗ ಅಲ್ಲಲ್ಲಿ ಬೆಳ್ಳಗೆ ಕಾಣುತ್ತೆ, ಇನ್ನಷ್ಟು ಹಾಕೋಣ ಅನ್ನಿಸುತ್ತೆ. ಹೂಬತ್ತಿ ಹೊಸೆದ ಕೈ ನನ್ನದು. ಹತ್ತಿ ತಾನಾಗೇ ಎಳೆದುಕೊಳ್ಳುತ್ತೆ, ಸುಮ್ಮನೆ ಕಾಯಬೇಕು ಅಂತ ಹೇಳಿದೆ. ಕಾದೆವು. ಕಾಯುವಾಗ ಮಾತು ಬಂತು.

ಹೀಗೇ ನಡೆಯಿತು ಭಾನುವಾರ, ಭಾನುವಾರ. ಬೆಳಗ್ಗೆ ತೊಳೆಯೋದು, ದಿನವೆಲ್ಲ ಅದನ್ನು ನೆರಳಿನಲ್ಲಿ ತಿರುಗಿಸಿ ತಿರುಗಿಸಿ ಇಡೋದು, ಸಂಜೆ ಎಣ್ಣೆ. ಅವಳ ಕನ್ನಡ ಮೊದಲು ಎಡವಿ ಎಡವಿ ಬರುತ್ತಿತ್ತು, ಆಮೇಲೆ ಓಡೋಕೆ ಶುರುವಾಯಿತು. "ತಾತ ನಿನ್ನನ್ನ ಬೈತಿದ್ರಾ?" ಅಂತ ಕೇಳಿದಳು ಒಂದು ಸಲ. "ಅವರಿಗೆ ಬೈಯೋಕೆ ನಾನು ಪುರುಸೊತ್ತು ಕೊಟ್ಟರೆ ತಾನೆ?" ಅಂದೆ. ಕೈಯಲ್ಲಿದ್ದ ಎಣ್ಣೆ ಬಾಟಲಿ ಕೆಳಗಿಟ್ಟು ನಕ್ಕಳು. ಇನ್ನೊಂದು ಸಲ, ಮದುವೆಯಾಗಬೇಕು ಅಂತ ತನಗೆ ಅನ್ನಿಸೋದೇ ಇಲ್ಲ, ಅದು ತಪ್ಪಾ ಅಂತ ಕೇಳಿದಳು. ಅವಳ ಅಪ್ಪ ಅಮ್ಮನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾಯಿತು! ಅಡುಗೆಮನೆಯಲ್ಲಿ ನನ್ನ ಸೊಸೆ, "ಏನತ್ತೆ, ಅದೇನು ಫಿಲ್ಟರೋ ಕೂಸೋ, ಇಷ್ಟು ಹೊತ್ತು ಸ್ನಾನ ಮಾಡಿಸ್ತೀರಿ?" ಅಂತ ರೇಗಿಸುತ್ತಿದ್ದಳು.

ಆ ಗಾಡಿಯ ಡ್ರೈವರು ವಯಸ್ಸಾದವರು, ಇಲ್ಲಿಯವರೇ. ನನ್ನನ್ನು ಶೋಶೋ ಅಂತ ಕರೆಯುತ್ತಾರೆ, ಅಜ್ಜಿ ಅಂತ. ಎಳೆತ ಹೆಚ್ಚಾಯಿತಾ ಅಂತ ಕೇಳಿದರೆ, ಮೊದಲಿದ್ದ ಹಾಗೇ ಇದೆ ಶೋಶೋ ಅಂತ ಕೈ ಅಲ್ಲಾಡಿಸಿದರು. ನನಗೆ ಅಷ್ಟೇ ಸಾಕಾಗಿತ್ತು. ಕಡಿಮೆ ಆಗಿಲ್ಲವಲ್ಲ.

ಆಯುಧಪೂಜೆ ಬಂತು. ಯಾರ್ಡಿನಲ್ಲಿ ಗಾಡಿಗಳಿಗೆ ಬಾಳೆಕಂಬ, ಚೆಂಡುಹೂವಿನ ಹಾರ. ಸ್ಪ್ಯಾನರು, ಜ್ಯಾಕು, ಕೊಕ್ಕೆ, ಸರಪಳಿ ಎಲ್ಲ ತೊಳೆದು, ಎಣ್ಣೆ ಸವರಿ ಫಳಫಳ ಅನ್ನಿಸಿ ಚಾಪೆ ಮೇಲೆ ಜೋಡಿಸಿದ್ದರು. ಮೊಮ್ಮಗಳು ಬೂದುಗುಂಬಳ ತರೋಕೆ ಹೋಗಿದ್ದಳು. ನಾನು ಗಾಡಿ ಮುಂದೆ ರಂಗೋಲಿ ಹಾಕುತ್ತಿದ್ದೆ. ತಲೆಯೆತ್ತಿ ನೋಡಿದರೆ ನನ್ನ ಮಗ ನಮ್ಮ ಫಿಲ್ಟರನ್ನು ಹೊರಗೆ ತೆಗೆದು, ತೊಳೆದು, ಬಾಟಲಿಯಲ್ಲಿದ್ದ ಎಣ್ಣೆಯನ್ನೆಲ್ಲ ಅದರ ಮೇಲೆ ಸುರಿಯುತ್ತಿದ್ದಾನೆ! ಪಾಪ, ಬೇಡ ಅಂದವನೇ ಅವನು. ಆವತ್ತು ಮಗಳ ವಸ್ತುವಿಗೂ ಪೂಜೆ ಆಗಲಿ, ಅದೂ ಮಿಕ್ಕಿದ್ದರ ಹಾಗೆ ಹೊಳೆಯಲಿ ಅಂತ ಆಸೆ.

"ಸಾಕು ಕಣೋ! ಇನ್ನೂ ಒದ್ದೆ ಇದೆ ಅದು. ನಾಳೆವರೆಗೆ ಒಣಗಬೇಕು."

"ಮಂಗಳಾರತಿ ಹೊತ್ತಿಗೆ ಗಾಡಿಗೆ ಒಂದು ಭಾಗ ಇಲ್ಲದೆ ಇರಬಾರದಮ್ಮ. ಅಂಗ ಊನ ಇರೋದಕ್ಕೆ ಪೂಜೆ ಮಾಡ್ತಾರಾ? ನಮ್ಮಪ್ಪ ಹೇಳ್ತಿರಲಿಲ್ವಾ?"

ಹೇಳುತ್ತಿದ್ದರು, ನಿಜ. ಅವರ ಲಾರಿ ಶೆಡ್ಡಿನಲ್ಲಿ ಚಕ್ರ ಬಿಚ್ಚಿಟ್ಟ ಲಾರಿಗೂ ಪೂಜೆಗೆ ಮುಂಚೆ ಚಕ್ರ ಹಾಕಿಸುತ್ತಿದ್ದರು. "ಪೂಜೆಗೆ ಇರಲಿ, ಆಮೇಲೆ ತೆಗೀ. ಗಾಡಿ ಹೊರಗೆ ಕಳಿಸಬೇಡ" ಅಂದೆ. ಆಗಲಿ ಅಂದ.

ಮೊಮ್ಮಗಳು ಬರುವಷ್ಟರಲ್ಲಿ ಫಿಲ್ಟರು ಒಳಗೆ ಸೇರಿತ್ತು. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಟ್ಟದ್ದಾಯಿತು. ಅಷ್ಟರಲ್ಲಿ ಫೋನು: ಏರ್‌ಪೋರ್ಟ್ ಕಡೆ ಹೋಗುವ ರಸ್ತೆಯಲ್ಲಿ ಲಾರಿ ಅಡ್ಡ ನಿಂತಿದೆ. ಪೂಜೆ ಆದ ಕೂಡಲೇ ಬಂದ ಕೆಲಸ, ಶುಭ, ಹೋಗಿಬನ್ನಿ ಅಂತ ಮಗ ಕುಣಿದಾಡಿದ. ಫಿಲ್ಟರು ಅವನ ತಲೆಯಿಂದ ಹೋಗಿಬಿಟ್ಟಿತ್ತು. ನಾನು ಯಾರ್ಡಿನ ಒಳಗೆ ಚರುಪು ಹಂಚುತ್ತಿದ್ದೆ, ಹೊರಗೆ ಬರುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು. ಡ್ರೈವರು, ಮೊಮ್ಮಗಳು ಇಬ್ಬರೂ ಅದರಲ್ಲಿದ್ದರು.

ಸ್ವಲ್ಪ ಏರು ಸಿಕ್ಕಿದ್ದೇ ತಡ, ಗಾಡಿ ಎಳೆಯೋದೇ ಬಿಟ್ಟಿತು. ಸ್ಟೀರಿಂಗ್ ಮುಂದಿನ ಇಂಜಿನ್ ಎಚ್ಚರಿಕೆ ದೀಪ ಹತ್ತಿಕೊಂಡಿತು. ಕೊನೆಗೆ ನಮ್ಮ ಎರಡನೇ ಗಾಡಿ ಹೋಗಿ ಮೊದಲನೆಯದನ್ನು ಎಳೆದುಕೊಂಡು ಬಂತು, ಬಾಳೆಕಂಬ, ಹಾರ, ಕುಂಕುಮದ ಸಮೇತ. ಪಕ್ಕದ ಶೆಡ್ಡುಗಳವರೆಲ್ಲ ಹೊರಗೆ ಬಂದು ನಿಂತು ಚಪ್ಪಾಳೆ ತಟ್ಟಿ ನಕ್ಕರು. ಡ್ರೈವರು ಇಳಿದು ನನ್ನ ಹತ್ತಿರ ಬಂದು, "ಪೋಲೆ, ಶೋಶೋ" ಅಂದರು. ಯಾರಿಗಾದರೂ ನೋವಾದರೆ ಇಲ್ಲಿಯವರು ಹಾಗೆ ಹೇಳುತ್ತಾರೆ. ಅವರ ತಪ್ಪೇನೂ ಇಲ್ಲದಿದ್ದರೂ.

ಗಾಳಿ ಎಷ್ಟು ಬರುತ್ತಿದೆ ಅಂತ ಅಳೆಯುವ ಒಂದು ಸಣ್ಣ ಸೆನ್ಸರ್ ಇರುತ್ತಂತೆ. ಎಣ್ಣೆ ಹಾರಿ ಅದಕ್ಕೆ ಮೆತ್ತಿಕೊಂಡಿತ್ತು. ಮೊಮ್ಮಗಳು ಅದನ್ನು ಬಿಚ್ಚಿ, ಯಾವುದೋ ಸ್ಪ್ರೇ ಹೊಡೆದು ಒರೆಸಿದಳು. ಗಾಡಿ ಸರಿಹೋಯಿತು. ನನ್ನ ಮಗ ಮುಖ ಸಣ್ಣದು ಮಾಡಿಕೊಂಡು ಅವಳ ಪಕ್ಕ ನಿಂತಿದ್ದ.

"ನಂದೇ ತಪ್ಪು ಮಗಳೇ. ಅದನ್ನೇ ಹಾಕು. ಎರಡೂ ಗಾಡಿಗೂ ಹಾಕು ಬೇಕಾದ್ರೆ. ಇನ್ನು ಮೇಲೆ ಯಾರ್ಡಿನ ವಿಷಯ ನೀನು ಹೇಳಿದ ಹಾಗೆ."

ನನ್ನ ಎದೆ ಅರಳಿಹೋಯಿತು. ಗೆದ್ದಳು ಅಂದುಕೊಂಡೆ.

ಅವಳು ಕೈ ಒರೆಸಿಕೊಂಡು, "ಬೇಡ ಅಪ್ಪ. ಕಾಗದದ್ದೇ ಹಾಕೋಣ" ಅಂದಳು.

"ಯಾಕೇ?" ನಾನು ಕೂಗಿಯೇಬಿಟ್ಟೆ. "ಎರಡು ಇಟ್ಕೊಳ್ಳೋಣ. ಒಂದು ಒಣಗುವಾಗ ಇನ್ನೊಂದು."

"ಒಣಗೋದು ಅಲ್ಲ ಅಜ್ಜಿ. ಕೈ. ನೀನು, ನಾನು ಇಲ್ಲದ ದಿನ ಯಾರೋ ಒಬ್ಬರು ಜಾಸ್ತಿ ಎಣ್ಣೆ ಹಾಕ್ತಾರೆ. ರೋಡಲ್ಲಿ ನಿಂತಿರೋರು ನಾವು ಬರ್ತೀವಿ ಅಂತ ನಂಬಿಕೊಂಡು ಕಾಯ್ತಿರ್ತಾರೆ." ಸ್ಪ್ರೇ ಡಬ್ಬಿ ಮುಚ್ಚಿಡುತ್ತಾ, "ಮತ್ತೆ, ಒಳಗಿನ ಪೈಪ್ ಬಿಳಿ ಬಟ್ಟೆಯಲ್ಲಿ ಒರೆಸಿದ್ದೆ. ಕೆಂಪು ಬಂತು. ಸಣ್ಣ ವುಂಬಿ ಇದರಲ್ಲಿ ನುಸುಳುತ್ತೆ. ಇಂಜಿನ್‌ಗೆ ಒಳ್ಳೇದಲ್ಲ" ಅಂದಳು.

"ಯಾವಾಗ ಒರೆಸಿದ್ದು?" ಅಂತ ಅವರಪ್ಪ ಕೇಳಿದ.

"ತುಂಬಾ ಮುಂಚೆ."

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾವಿಬ್ಬರೇ ಇದ್ದೆವು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಪುಟ್ಟಿ ಅಂತ ಮೆಲ್ಲಗೆ ಕೇಳಿದೆ. ಅವಳು ಕಿಟಕಿ ಕಡೆ ನೋಡುತ್ತಿದ್ದಳು.

"ಅದನ್ನ ವಾರ ವಾರ ತೊಳೆಯೋದೇ ಬೇಡ ಅಜ್ಜಿ. ಅಪರೂಪಕ್ಕೆ ತೊಳೆದ್ರೆ ಸಾಕು. ನಾನೇ ತರ್ತಾ ಇದ್ದೆ. ಭಾನುವಾರ ಚೆನ್ನಾಗಿತ್ತಲ್ಲ."

ನನಗೆ ಆದ ಆನಂದ ಏನು ಅಂತ ಹೇಳಲಿ! ನನ್ನ ಒಬ್ಬಳಿಗೇ ಬೇಕು ಅಂದುಕೊಂಡಿದ್ದ ಭಾನುವಾರ ಅವಳಿಗೂ ಬೇಕಾಗಿತ್ತು. ಅವಳ ಕೈ ಹಿಡಿದುಕೊಂಡೆ, ಬಿಡಲಿಲ್ಲ. ಅದು ಮುಗಿದುಹೋಗಿದೆ ಅನ್ನೋದೂ ಆ ಗಳಿಗೆಯಲ್ಲೇ ತಿಳಿಯಿತು.

ಈಗ ಯಾರ್ಡು ಅವಳದ್ದೇ. ಅವಳು ಹೇಳಿದ ಹಾಗೆ ಗಾಡಿಗಳು ಓಡುತ್ತವೆ, ಡ್ರೈವರು ಅವಳನ್ನು ಬಾಸ್ ಅಂತಾರೆ. ಅದನ್ನು ಕೇಳೋಕೇ ನಾನು ಆಗಾಗ ಅಲ್ಲಿಗೆ ಹೋಗುತ್ತೀನಿ. ಭಾನುವಾರವೂ ಫೋನು ಬರುತ್ತೆ, ಓಡುತ್ತಾಳೆ. ಒಂದು ಭಾನುವಾರ ಚಕ್ಕುಲಿ ಮಾಡೋಣ ಬಾರೇ ಅಂತ ಕೂರಿಸಿಕೊಂಡೆ. ಬಂದಳು, ಒಂದೆರಡು ಒತ್ತಿದಳು, ಚೆನ್ನಾಗಿದೆ ಅಜ್ಜಿ ಅಂದಳು. ಇಬ್ಬರಿಗೂ ಮಾತು ಹುಟ್ಟಲಿಲ್ಲ. ಕೂತು ಮಾತಾಡಬೇಕು ಅಂತಲೇ ಹುಟ್ಟಿಸಿಕೊಂಡ ಕೆಲಸದಲ್ಲಿ ಮಾತು ಬರೋದಿಲ್ಲ ಅಂತ ಕಾಣುತ್ತೆ. ಆ ಫಿಲ್ಟರಿನ ಮುಂದೆ ನಾವು ಮಾತಾಡೋಕೆ ಕೂತವರಲ್ಲ, ಅದು ಒಣಗಲಿ ಅಂತ ಕೂತವರು.

ಅವಳು ತೀರ್ಮಾನ ಮಾಡಿದ್ದು ತಪ್ಪಾಗಿದ್ದಿದ್ದರೆ ಜಗಳ ಆಡಿ ಬದಲಾಯಿಸುತ್ತಿದ್ದೆ, ನನಗೆ ಅದು ಬರುತ್ತೆ. ಸರಿಯಾಗಿಯೇ ಮಾಡಿದಳು. ಅದಕ್ಕೇ ಬಾಯಿ ಕಟ್ಟಿದೆ.

ಮೊನ್ನೆ ಯಾರ್ಡಿನಲ್ಲಿ ಫಿಲ್ಟರು ಬದಲಾಯಿಸುತ್ತಿದ್ದಳು. ಹಳೇದನ್ನು ಎಳೆದಳು, ಹೊಸದನ್ನು ತುರುಕಿದಳು, ಮುಚ್ಚಳ ಹಾಕಿದಳು. ನಾನು ಸೆರಗು ಸಿಕ್ಕಿಸಿಕೊಳ್ಳುವಷ್ಟೂ ಹೊತ್ತಾಗಲಿಲ್ಲ. ಕಸದ ಡ್ರಮ್ಮಿನ ಹತ್ತಿರ ನಿಂತು, "ಇದನ್ನ ತೊಳೆಯೋಕೆ ಬರಲ್ವೇನೇ?" ಅಂತ ಕೇಳಿದೆ.

"ನೀರು ಹಾಕಿದ್ರೆ ಮುದ್ದೆ ಆಗುತ್ತೆ ಅಜ್ಜಿ" ಅಂದು ಗಾಡಿ ಹತ್ತಿದಳು. ಎಷ್ಟು ಚೆಂದ ಹತ್ತುತ್ತಾಳೆ ಗೊತ್ತಾ, ಒಂದೇ ನೆಗೆತಕ್ಕೆ! ಗೇಟಿನ ತನಕ ಹೋಗಿ ಕೈ ಬೀಸಿದೆ. ಅವಳು ಒಂದು ಸಲ ಹಾರ್ನ್ ಹೊಡೆದು ಜಾಮ್‌ನೊಳಗೆ ನುಗ್ಗಿದಳು, ನಾನು ಚಾಯ್ ಕುಡಿಯೋಕೆ ಡ್ರೈವರ ಪಕ್ಕ ಬೆಂಚಿನ ಮೇಲೆ ಬಂದು ಕೂತೆ.