ನಾನು ಮುಳುಗಿಸಿದ ಬ್ಯಾಂಕು

ಹೋದ ತಿಂಗಳು ನಾನು ಒಂದು ಬ್ಯಾಂಕನ್ನೇ ಮುಳುಗಿಸಿಬಿಟ್ಟೆ. (ಗಾಬರಿಯಾಗಬೇಡಿ, ನಿಮ್ಮ ಡಿಪಾಸಿಟ್ ಸೇಫ್ ಆಗಿದೆ.)

ಆ ಬ್ಯಾಂಕಿಗೆ ಬೋರ್ಡಿಲ್ಲ, ಬೀಗವಿಲ್ಲ. ಸುರಪುರದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರು ನಡೆಸುತ್ತಿದ್ದ ಭಿಶಿ ಅದು. ನಮ್ಮ ಕಡೆ ಭಿಶಿ ಇಲ್ಲದ ಓಣಿ ಇದೆಯೇ? ಎಲ್ಲರೂ ತಿಂಗಳಿಗಿಷ್ಟು ಹಾಕುವುದು, ಕೂಡಿದ್ದು ಪಾಳಿಯಂತೆ ಒಬ್ಬೊಬ್ಬರ ಕೈಗೆ. ಇವರು ಹಾಕುತ್ತಿದ್ದದ್ದು ರಜೆಯಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸಿದ ಕೂಲಿಯಲ್ಲಿ ಉಳಿಸಿದ್ದು.

ನಾನು ಹೋಗಿದ್ದು ಅವರಿಗೆ ಉಳಿತಾಯ ಕಲಿಸಲು! ಬ್ಯಾಂಕಿನಿಂದ ರಿಟೈರ್ ಆದವನು, ಮೇಲಾಗಿ ಅಂಕಣಕಾರ ಎಂದು ಹೆಡ್‌ಮಾಸ್ಟರು ಶಹಾಪುರದಿಂದ ಕರೆಸಿದ್ದರು. ಶಾಲು ಹೊದಿಸಿದರು. ಓಟಿಪಿ ಯಾರಿಗೂ ಹೇಳಬೇಡಿ ಎಂದೆ. ಚಪ್ಪಾಳೆ ಬಿತ್ತು. ಉಬ್ಬಿಹೋದೆ. "ನೀವು ದುಡ್ಡು ಎಲ್ಲಿಡ್ತೀರಿ?" ಎಂದು ಕೇಳಿದೆ.

"ಭಿಶಿಯಾಗ್ರಿ ಸರ್." ರೇಣುಕಾ ಎಂಬ ಹುಡುಗಿ ಎದ್ದು ನಿಂತಿದ್ದಳು. ಮುಖದಲ್ಲಿ ಅದೆಂಥ ಹೆಮ್ಮೆ!

"ರಸೀದಿ ಇಲ್ಲ, ಬಡ್ಡಿ ಇಲ್ಲ. ಯಾರಾದ್ರೂ ಕೈ ಎತ್ತಿದ್ರೆ? ಮೊದಲು ಅದನ್ನ ಬಂದ್ ಮಾಡಮ್ಮ" ಎಂದು ಮೈಕಿನಲ್ಲೇ ನಕ್ಕೆ. ಇಡೀ ಹಾಲ್ ನಕ್ಕಿತು. ಅವಳು ತಲೆ ತಗ್ಗಿಸಿ ಕೂತಳು. ಬೆದರಿದ ಹೆಡ್‌ಮಾಸ್ಟರು ಮರುದಿನವೇ ಭಿಶಿ ಬಂದ್ ಮಾಡಿಸಿದರು.

ಕೆಲವು ದಿನಗಳ ನಂತರ ಅವರ ಕ್ಲಾಸ್ ಟೀಚರ್ ಫೋನ್ ಮಾಡಿದರು. "ಸರ್, ಒಂದೇ ಪಾಳಿ ಉಳದಿತ್ರಿ. ರೇಣುಕಾಂದು." ಉಳಿದವರೆಲ್ಲ ತಮ್ಮ ಪಾಳಿಯ ದುಡ್ಡು ಎತ್ತಿಕೊಂಡು ಆಗಿತ್ತು. ದೊಡ್ಡವರೇ ಬಂದ್ ಮಾಡಿ ಎಂದ ಮೇಲೆ ಅವರೇಕೆ ಕಟ್ಟುತ್ತಾರೆ? ಕೊನೆಯ ಪಾಳಿಯನ್ನು ಅವಳೇ ಬೇಡಿ ಪಡೆದಿದ್ದಳಂತೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಕೈಗೆ ಬಂದರೆ ಸುರಪುರದ ಕಾಲೇಜಿಗೆ ಯೂನಿಫಾರ್ಮು, ಪುಸ್ತಕ ಆಗುತ್ತದೆ. "ಖರ್ಚು ನೀನ ನೋಡ್ಕೊಂಡ್ರ ಹೋಗು, ಇಲ್ಲಂದ್ರ ಮನ್ಯಾಗಿರು" ಎಂದಿದ್ದನಂತೆ ಅಪ್ಪ.

ಆ ಫೋನ್ ಬಂದಾಗ ನಮ್ಮ ಹಾಲಿನಲ್ಲಿ ಏನು ನಡೆದಿತ್ತು ಗೊತ್ತೇ? ಭಿಶಿ. ನನ್ನ ಹೆಂಡತಿಯದು! ಮಂಡಕ್ಕಿ ಸೂಸಲಾ, ಚಹಾ, ನಗು. ನಮ್ಮ ಫ್ರಿಜ್ಜು ಬಂದದ್ದೂ ಅದರಿಂದಲೇ. ಅವಳಿಗೆ ಒಂದು ದಿನವಾದರೂ ರಸೀದಿ ಕೇಳಿದ್ದೇನೆಯೇ? (ಕೇಳಿದ್ದರೆ ಅಂದು ಊಟ ಸಿಗುತ್ತಿತ್ತೇ?) ನಾಚಿಕೆಯಿಂದ ಆ ಹೆಂಗಸರ ಮುಂದೆ ಹಾಯ್ದು ಹೋಗಲೂ ಆಗಲಿಲ್ಲ.

ಕವರಿನಲ್ಲಿ ದುಡ್ಡು ಹಾಕಿಕೊಂಡು ಮತ್ತೆ ಶಾಲೆಗೆ ಹೋದೆ. ರೇಣುಕಾ ಕೈ ಚಾಚಲಿಲ್ಲ.

"ರೊಕ್ಕ ಬ್ಯಾಡ್ರಿ ಸರ್. ನಮ್ಮ ಭಿಶಿದಾಗ ತಪ್ಪಿಲ್ಲ ಅಂತ ಮೈಕಿನ್ಯಾಗ ಒಂದ್ಸಲ ಹೇಳಿಬಿಡ್ರಿ. ಗೆಳತ್ಯಾರು ತಾವೇ ಕಟ್ತಾರ."

ಅಷ್ಟೇ. ಪ್ರೇಯರ್‌ಗೆ ಮಕ್ಕಳು ಸಾಲಾಗಿ ನಿಂತಿದ್ದರು. ಮೈಕೂ ಆನ್ ಇತ್ತು. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ಅಷ್ಟು ಮಕ್ಕಳ ಮುಂದೆ ನಾನು ತಪ್ಪು ಹೇಳಿದೆ ಎನ್ನುವುದೇ? "ನೋಡೋಣಮ್ಮ" ಎಂದು ಕಾರು ಹತ್ತಿದೆ.

ಇವತ್ತು ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ: ರೇಣುಕಾ, ನಿಮ್ಮ ಭಿಶಿಯಲ್ಲಿ ತಪ್ಪಿರಲಿಲ್ಲ.

ಧೈರ್ಯ ಏಕೆಂದರೆ, ಆ ಶಾಲೆಗೆ ಈ ಪೇಪರ್ ಬರುವುದಿಲ್ಲ.