ಬೆರಳಾಡಿಸಿ ಓದುತ್ತಿದ್ದವರು

ಪುಣೆಯ ನಮ್ಮ ವಾಡೆಯ ಹನ್ನೆರಡು ಬಿಡಾರಗಳಲ್ಲಿ ಕನ್ನಡದವರು ಮೂರೇ ಮನೆ: ನಾವು, ಕೆಳಗಿನ ಕೋಣೆಯ ಒಂಟಿ ಆಯಿ, ಮಾಳಿಗೆಯ ಮೇಲಿನ ಕಾರಕೂನರು. ಆಯಿಗೆ ಓದು ಬಾರದು. ಅವಳಿಗೆ ಬಂದ ಮರಾಠಿ ಕಾಗದಗಳನ್ನೆಲ್ಲ ಕಾರಕೂನರೇ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಮೊದಲು ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸುವರು. ಆಮೇಲೆ ಒಂದೊಂದು ಸಾಲಿನ ಕೆಳಗೂ ಬೆರಳಾಡಿಸುತ್ತ, ಅವಸರವಿಲ್ಲದೆ ಓದುವರು. ಮುಗಿದ ಮೇಲೆ ತಪ್ಪದ ಒಂದು ಮಾತು: “ಇನ್ನೊಮ್ಮೆ ಓದ್ಲೇನ್ರಿ, ಆಯಿ?” ಅಷ್ಟು ತಾಳ್ಮೆಯಿಂದ ನನ್ನ ಸ್ವಂತ ಅಜ್ಜಿಗೂ ನಾನು ಓದಿ ಹೇಳಿದವನಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಸಂಜೆ ಗ್ಯಾಸಿನ ಕಾಗದ ಓದಿದರು. ತೀರಿಹೋದ ಗಂಡನ ಹೆಸರಿನ ಸಿಲಿಂಡರು ಆಯಿಯ ಹೆಸರಿಗೆ ಆಗಬೇಕಿತ್ತಂತೆ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಎರಡು ಸಲ ಓದಿಸಿಕೊಂಡು ಆಯಿ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಅವರೇ ಒರೆಸಿದರು.

ಎರಡು ತಿಂಗಳಿಗೆ ಬಿಲ್ಡರನ ಜನ ಬಂದು ಆಯಿಯ ಪಾತ್ರೆಗಳನ್ನು ಅಂಗಳಕ್ಕೆ ತಂದಿಟ್ಟರು. ಕೋಣೆಯ ಹಕ್ಕನ್ನು ಆಕೆ ಕಾರಕೂನರಿಗೆ ಬರೆದುಕೊಟ್ಟಿದ್ದಾಳೆ, ಅವರು ನಮಗೆ ಮಾರಿದ್ದಾರೆ ಎಂದು ಕಾಗದ ತೋರಿಸಿದರು. ಕಾರಕೂನರ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು.

“ನೀ ಸಾಲಿ ಕಲ್ತಾಂವ, ಓದಪಾ,” ಎಂದಳು ಆಯಿ. “ಗ್ಯಾಸಿಂದು ಅದರಾಗ ಎಲ್ಲಿ ಬರದದ?”

ಒಂದೊಂದು ಸಾಲಿನ ಕೆಳಗೂ ಬೆರಳಾಡಿಸಿದೆ. ಗ್ಯಾಸ್ ಎಂಬ ಶಬ್ದ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಅವಳ ಹೆಬ್ಬೆಟ್ಟು. ಅದರ ಪಕ್ಕದಲ್ಲಿ, ದೊಡ್ಡವರು ಎರಡು ಸಲ ಓದಿದ್ದನ್ನು ಮತ್ತೆ ನಾನೇಕೆ ಓದಲಿ ಎಂದು ಆ ಸಂಜೆ ಚಹಾದ ಬಸಿ ಕೆಳಗಿಟ್ಟು ಹಾಕಿದ, ಸಾಕ್ಷಿಯ ಸಹಿ. ನನ್ನದು.