ಶರ್ಯತ್ತಿಗೂ ತವರಿಗೂ ಒಂದೇ ದೋಣಿ

ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದ ಲಾಡಸಾಬನಿಗೆ ಮಗ್ಗದ ಮುಂದೆ ಕೂತಾಗಲೂ ಹೊಳೆಯದ್ದೇ ಧ್ಯಾನ. ಅವನ ಹುಟ್ಟೂರು ಮುಂಡರಗಿಯಿಂದ ಆಚೆ, ತುಂಗಭದ್ರೆಯ ದಂಡೆಯಲ್ಲಿತ್ತು. ನೆರೆ ಇಳಿದು ನೀರು ತಿಳಿಯಾದ ಮೇಲೆ ಅಲ್ಲಿ ಪ್ರತಿವರ್ಷ ದೋಣಿ ಶರ್ಯತ್ತು. ದಂಡೆಯಿಂದ ಹೊರಟು, ನಡುಹೊಳೆಯ ಬಂಡೆ ಸುತ್ತಿ ತಿರುಗಿ ಬರಬೇಕು. ಲಾಡಸಾಬ ತಪ್ಪದೆ ಹೋಗಿ ಯಾರದೋ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ. ಗೆದ್ದರೆ ಮಾಲೆ ಬೀಳುತ್ತಿದ್ದುದು ದೋಣಿಯ ಮಾಲಕನ ಕೊರಳಿಗೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ಊರಿನ ಹೊಳೆಗೆ ಸೇತುವೆ ಬಂತು. ಜನರನ್ನು ದಾಟಿಸುತ್ತಿದ್ದ ದೋಣಿಗಳಿಗೆ ಕೆಲಸ ತಪ್ಪಿತು, ಒಂದೊಂದಾಗಿ ಮಾರಾಟಕ್ಕೆ ನಿಂತವು. ಖಬರು ಕೇಳಿದ ಲಾಡಸಾಬ ಹಿಗ್ಗಿಹೋದ.

"ಶರ್ಯತ್ತಿಗೆ ಅಷ್ಟ ಆದ್ರ ನಾ ಒಲ್ಲೆ ನೋಡ್ರಿ" ಎಂದಳು ಹೆಂಡತಿ ದಿಲಶಾದಬಿ. "ಮಕ್ಕಳನ್ನ ಕರ್ಕೊಂಡು ನನ್ನ ತವರಿಗೂ ಅದರಾಗ ಹೋಗಾಕ ಬರಬೇಕು."

ಅವಳ ತವರು ಅದೇ ದಂಡೆಯಲ್ಲಿ, ಹೊಳೆ ಬಂದ ದಿಕ್ಕಿಗೆ ಸ್ವಲ್ಪ ಮೇಲಿತ್ತು. ಅವನ ಊರಿನಿಂದ ಬಸ್ಸಿನಲ್ಲಾದರೆ ತಿರುಗಿ ಮುಂಡರಗಿಗೆ ಬಂದು, ಇನ್ನೊಂದು ಬಸ್ಸಿಗೆ ಕಾದು, ಊರು ಸುತ್ತಿ ಹೋಗಬೇಕು. ಅವಳ ಮಾತು ಖರೆ ಅನ್ನಿಸಿತು. ಗಂಡಹೆಂಡಿರಿಬ್ಬರೂ ದೋಣಿ ನೋಡಲು ಹೊರಟರು. ಊರಿನ ಬಡಿಗ, ಲಾಡಸಾಬನ ಬಾಲ್ಯದ ಗೆಳೆಯ ಲಕ್ಷ್ಮಪ್ಪ ಜೊತೆಯಾದ.

ಮೊದಲು ನೋಡಿದ್ದು ಸಕ್ರಪ್ಪನದು. ಎರಡು ದೋಣಿ ಇಟ್ಟುಕೊಂಡಿದ್ದ ಸಕ್ರಪ್ಪ ಒಂದನ್ನು ಕೊಡುವವನಿದ್ದ. ಮೀನಿನಂಥ ಸಪೂರ ಮೈ, ಹೊಸ ಬಣ್ಣ. ಲಾಡಸಾಬ ಕಣ್ಣು ಕೀಳಲಿಲ್ಲ. ದಿಲಶಾದಬಿ ರೊಟ್ಟಿಯ ಗಂಟು ಹಿಡಿದು ಹತ್ತಿ ಕೂತಳು. ಒಂದು ಮಗ್ಗುಲಿಗೆ ಸುಮ್ಮನೆ ತಿರುಗಿದ್ದೇ ತಡ, ದೋಣಿ ಹೊಯ್ದಾಡಿ ನೀರು ಒಳಗೆ ನುಗ್ಗಿತು. ರೊಟ್ಟಿ ತೊಯ್ದವು.

"ಇದರಾಗ ನೀವೊಬ್ರ ಹೋಗ್ರಿ" ಎಂದು ಇಳಿದುಬಿಟ್ಟಳು.

ಆಮೇಲೆ ನೋಡಿದ್ದು ಇನ್ನೊಬ್ಬರದು, ಚಕ್ಕಡಿಯನ್ನೂ ಏರಿಸಬಹುದಾದ ಅಗಲ ದೋಣಿ. ಕಟ್ಟೆಯ ಮೇಲೆ ಕೂತಷ್ಟು ಭದ್ರ. ಹುಟ್ಟು ಹಾಕಿದರೆ ಮಾತ್ರ ಮಿಸುಕಲೊಲ್ಲದು. "ಲೇ ಲಾಡಸಾಬ, ಇದರಾಗ ಶರ್ಯತ್ತಿಗೆ ಹೋದ್ರ ಬಂಡೆ ಸುತ್ತೋದ್ರಾಗ ದೀಪಾವಳಿ ಬರತೈತಿ" ಎಂದು ಲಕ್ಷ್ಮಪ್ಪ ನಕ್ಕ.

ಲಾಡಸಾಬನ ಮೋರೆ ಸಣ್ಣದಾಯಿತು. ಮರಳುವ ಹಾದಿಯಲ್ಲಿ ಬೇವಿನ ಗಿಡದ ಕೆಳಗೆ ಬೋರಲು ಹಾಕಿದ ದೋಣಿಯೊಂದು ಕಣ್ಣಿಗೆ ಬಿತ್ತು. ಅದರಡಿ ಕೋಳಿ ಕಾವಿಗೆ ಕೂತಿತ್ತು. ದೋಣಿ ಹನಮವ್ವನದು. ಅವಳ ಗಂಡ ಹೆರಿಗೆಯ ಹೆಂಗಸರನ್ನು, ಹಾವು ಕಡಿದವರನ್ನು ಜಲ್ದಿ ದಾಟಿಸಲೆಂದೇ ಮಾಡಿಸಿದ್ದು. ಅವನು ತೀರಿಕೊಂಡ ಮೇಲೆ ಅವಳೇ ನಡೆಸಿದ್ದಳು. ತಳ ಅಗಲ, ಮೂತಿ ಚೂಪು, ಹಗುರ ಹಲಗೆ. ಲಕ್ಷ್ಮಪ್ಪ ಮೈಯೆಲ್ಲ ತಡವಿ, "ಇದು ಎರಡಕ್ಕೂ ಒಗ್ಗತೈತಿ" ಎಂದ.

ಮಕ್ಕಳು ಕೂರುವ ವಿಷಯ ಕೇಳಿದ ಹನಮವ್ವ ದೋಣಿಯ ಹತ್ತಿರ ಬಂದಳು. ಆಮೇಲೆ ಬಗ್ಗಿ ಒಂದು ಕಡೆ ಉಗುರಿನಿಂದ ಕೆರೆದಳು. "ಇಲ್ಲಿ ನೋಡ ತಮ್ಮಾ, ಹಲಗಿ ಕೊಳತೈತಿ. ಕಾಣಬಾರದಂತ ಡಾಂಬರ ಬಳದಿದ್ದೆ. ಇದನ್ನ ಬದಲ ಮಾಡಿಸೂತನಕ ನೀರಿಗೆ ಇಳಿಸಬ್ಯಾಡ."

ಆ ಮಾತಿಗೇ ದಿಲಶಾದಬಿ ಒಪ್ಪಿಬಿಟ್ಟಳು. "ಇದ ಇರಲಿ ಬಿಡ್ರಿ." ವ್ಯವಹಾರ ಅಲ್ಲೇ ಕುದುರಿತು. ಕೋಳಿ ಮರಿ ಮಾಡಿದ ಮೇಲೆ ದೋಣಿ ಎತ್ತಬೇಕೆಂಬುದಷ್ಟೇ ಹನಮವ್ವನ ಕರಾರು.

ಲಕ್ಷ್ಮಪ್ಪ ಹಲಗೆ ಬದಲಿಸಿಕೊಟ್ಟ. ಮೊದಲ ವರ್ಷ ದೋಣಿ ತವರಿಗೇ ಹೆಚ್ಚು ಓಡಾಡಿತು. ಗಂಡ ದಣಿದಾಗ ದಿಲಶಾದಬಿ ಹುಟ್ಟು ಹಿಡಿದಳು. ಮೊದಮೊದಲು ಗರಗರ ತಿರುಗಿತು. ಬರಬರುತ್ತ ಅವಳ ಮಾತು ಕೇಳತೊಡಗಿತು.

ಮರುವರ್ಷ ಶರ್ಯತ್ತಿನ ಮುಂಚೆ, ಜೊತೆಗೆ ಹುಟ್ಟು ಹಾಕಬೇಕಿದ್ದ ಲಕ್ಷ್ಮಪ್ಪನ ಕೈಗೆ ಮರ ಕೆತ್ತುವಾಗ ಬಾಚಿಯ ಏಟು ಬಿತ್ತು. ಜೋಡಿಗೆ ಆಳಿಲ್ಲ. "ನಾ ಕುಂಡ್ರತೀನಿ" ಎಂದಳು ದಿಲಶಾದಬಿ. ದಂಡೆಯಲ್ಲಿ ಗುಸುಗುಸು ಎದ್ದಿತು. ಹೆಣ್ಣು ಕೂತರೆ ಶರ್ಯತ್ತು ಹೆಂಗಾದೀತು ಎಂದು ಹಿರಿಯರೊಬ್ಬರು ತಕರಾರು ತೆಗೆದರು.

ಹನಮವ್ವ ಜನರ ನಡುವಿನಿಂದ ಮುಂದೆ ಬಂದಳು. "ನೆರಿ ಬಂದಾಗ ನಿಮ್ಮನ್ನ ದಾಟಿಸಾಕ ನನ್ನ ಕೈ ಬೇಕಾಗಿತ್ತು. ಈಗ ಈಕಿ ಕೈ ಬ್ಯಾಡೇನ್ರಿ?"

ತಕರಾರು ತೆಗೆದ ಹಿರಿಯರೇ ಸರಿದು ದಾರಿ ಬಿಟ್ಟರು.

ಹೋಗುವಾಗ ಸಕ್ರಪ್ಪನ ಸಪೂರ ದೋಣಿ ಬಹಳ ಮುಂದಿತ್ತು. ಬಂಡೆಯ ಹತ್ತಿರ ಗಾಳಿ ಎದ್ದು ತೆರೆ ಹೊಡೆದಾಗ ಅದು ಹೊಯ್ದಾಡಿತು, ಅವನು ನಿಧಾನಿಸಬೇಕಾಯಿತು. ಇವರದು ಅಲುಗದೆ ತಿರುಗಿತು. ದಂಡೆ ಬರುವಷ್ಟರಲ್ಲಿ ಎರಡೂ ಜೋಡಿಯಾಗಿದ್ದವು. ಸಕ್ರಪ್ಪನ ದೋಣಿಯ ಮೂತಿ ಒಂದು ಗೇಣು ಮುಂದಾಗಿ ದಂಡೆಗೆ ಬಡಿಯಿತು.

ಮಾಲೆ ಸಕ್ರಪ್ಪನಿಗೇ ಬಿತ್ತು. ಅವನು ಏದುಸಿರು ಬಿಡುತ್ತಲೇ, "ತಂಗೀ, ಮುಂದಿನ ವರ್ಷ ನನಗ ಕಠಿಣ ಐತಿ" ಎಂದ. ಲಾಡಸಾಬ ಸೋತವನಂತೆ ಕಾಣಲೇ ಇಲ್ಲ. ಸಿಕ್ಕಸಿಕ್ಕವರಿಗೆ ಹೆಂಡತಿಯ ಹುಟ್ಟಿನ ಬೀಸು ತೋರಿಸುತ್ತ ತಿರುಗಿದ.

ಮರುದಿನ ಮುಂಜಾನೆ ಮಕ್ಕಳನ್ನು ಕೂರಿಸಿಕೊಂಡು ತವರಿನ ಕಡೆ ಹೊರಟರು. ಸುದ್ದಿ ಮೊದಲೇ ಮುಟ್ಟಿತ್ತು. ದಿಲಶಾದಬಿಯ ಅಪ್ಪ ಬುಡ್ಡೇಸಾಬ ಧೋತರ ಮೇಲೆ ಕಟ್ಟಿ ಮೊಣಕಾಲುದ್ದ ನೀರಿಗಿಳಿದು ಕಾಯುತ್ತಿದ್ದ. ದೋಣಿಯ ಮೂತಿ ಹಿಡಿದು ಎಳೆಯುತ್ತ, "ನಿಮ್ಮ ಅವ್ವನ್ನೂ ಒಂದ ಸುತ್ತ ಹಾಕಿಸವಾ, ಬೆಳಗಿನಿಂದ ತಯಾರಾಗಿ ಕುಂತಾಳ" ಎಂದ.